‘ಅನಗತ್ಯ’ ಅಮೈನೋ ಆಮ್ಲ ಎನ್ನಬೇಕೇ?

ಮಾನ್ಯ ಸಂಪಾದಕರೇ,

ಕನ್ನಡದ ವಿಜ್ಞಾನ ಬರಹಗಳಲ್ಲಿ ಅಮೈನೋ ಆಮ್ಲಗಳನ್ನು ‘ಅಗತ್ಯ’ ಮತ್ತು ‘ಅನಗತ್ಯ’ ಎಂದು ವಿಂಗಡಿಸುವುದು ವಾಡಿಕೆಯಾಗಿದೆ. ಪ್ರೋಟೀನುಗಳ ರಚನೆಗೆ ಬಳಕೆಯಾಗುವ 20 ಅಮೈನೋ ಆಮ್ಲಗಳಲ್ಲಿ 9 ಮನುಷ್ಯನಿಗೆ ಆಹಾರದಿಂದಲೇ ದೊರೆಯಬೇಕು, ಉಳಿದವನ್ನು ದೇಹವೇ ತಯಾರಿಸಿಕೊಳ್ಳಬಲ್ಲದು ಎಂಬುದಷ್ಟೇ ಇದರ ಅರ್ಥ. ಆದರೆ ‘ಅನಗತ್ಯ’ ಎಂದೊಡನೆ ನನ್ನ ವಿದ್ಯಾರ್ಥಿಗಳು ‘ಬೇಡವಾದದ್ದು’ ಎಂದೇ ತಿಳಿಯುತ್ತಾರೆ. ಕನ್ನಡ ಬಲ್ಲವರು ಹಾಗೆ ತಿಳಿದರೆ ತಪ್ಪು ಅವರದಲ್ಲ, ಪದದ್ದು.

ಈ ವಿಂಗಡಣೆ ರೂಪುಗೊಂಡದ್ದು ಆಹಾರದ ಪ್ರಯೋಗಗಳಲ್ಲಿ. ಅಮೆರಿಕದ ವಿಲಿಯಂ ರೋಸ್ ಅವರು ಇಲಿಗಳಿಗೆ ಪ್ರೋಟೀನಿನ ಬದಲು ಶುದ್ಧ ಅಮೈನೋ ಆಮ್ಲಗಳ ಮಿಶ್ರಣವನ್ನು ಕೊಟ್ಟು, ಯಾವುದನ್ನು ತೆಗೆದರೆ ಬೆಳವಣಿಗೆ ನಿಲ್ಲುತ್ತದೆ ಎಂದು ಪರೀಕ್ಷಿಸುತ್ತಿದ್ದರು. 1935ರಲ್ಲಿ ಥ್ರಿಯೋನಿನ್ ಎಂಬ ‘ಅಗತ್ಯ’ ಅಮೈನೋ ಆಮ್ಲ ಪತ್ತೆಯಾದದ್ದೂ ಅದೇ ಹಾದಿಯಲ್ಲಿ. ಊಟದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಸಿಕ್ಕ ಆ ಉತ್ತರವನ್ನು ಜೀವಕೋಶಕ್ಕೆ ಏನು ಬೇಕು ಎಂಬ ಬೇರೆಯೇ ಪ್ರಶ್ನೆಗೆ ನಾವು ಅಂಟಿಸಿಬಿಟ್ಟಿದ್ದೇವೆ.

‘ಅನಗತ್ಯ’ ಪಟ್ಟಿಯಲ್ಲಿರುವ ಗ್ಲುಟಮೇಟ್ ಮಿದುಳಿನಲ್ಲಿ ನರಕೋಶಗಳನ್ನು ಪ್ರಚೋದಿಸುವ ಮುಖ್ಯ ಸಂದೇಶವಾಹಕ. ಅವುಗಳನ್ನು ಶಮನಗೊಳಿಸುವ ಗಾಬಾ ತಯಾರಾಗುವುದೂ ಅದರಿಂದಲೇ. ಅದೇ ಪಟ್ಟಿಯ ಗ್ಲೈಸಿನ್ ಇಲ್ಲದೆ, ರಕ್ತದಲ್ಲಿ ಆಮ್ಲಜನಕವನ್ನು ಹಿಡಿದಿಡುವ ಹೀಮ್ ರೂಪುಗೊಳ್ಳದು. ದೇಹವೇ ತಯಾರಿಸಿಕೊಳ್ಳುವ ಗ್ಲುಟಮಿನ್ ಅನ್ನು ಪೋಷಕ ದ್ರವದಿಂದ ಕೈಬಿಟ್ಟರೆ ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಾಣಿಕೋಶಗಳು ಬೆಳೆಯುವುದಿಲ್ಲವೆಂದು ವಿಜ್ಞಾನಿ ಹ್ಯಾರಿ ಈಗಲ್ 1955ರಲ್ಲಿ ತೋರಿಸಿದರು.

‘ಅನಗತ್ಯ’ ಪಟ್ಟಿಯಲ್ಲೇ ಇರುವ ಆಸ್ಪರಾಜಿನ್‌ನ ಕಥೆಯನ್ನಂತೂ ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಗಿನಿಯಿಲಿಯ ರಕ್ತಸಾರವನ್ನು ಚುಚ್ಚಿದಾಗ ಇಲಿಗಳಲ್ಲಿನ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆಗಳು ಕುಗ್ಗುವುದನ್ನು ಜಾನ್ ಕಿಡ್ 1953ರಲ್ಲಿ ವರದಿ ಮಾಡಿದರು. ಅದಕ್ಕೆ ಕಾರಣ ಆ ರಕ್ತದಲ್ಲಿರುವ, ಆಸ್ಪರಾಜಿನ್ ಅನ್ನು ಒಡೆಯುವ ಆಸ್ಪರಾಜಿನೇಸ್ ಎಂಬ ಕಿಣ್ವ ಎಂದು ಜಾನ್ ಬ್ರೂಮ್ 1961ರಲ್ಲಿ ಗುರುತಿಸಿದರು. ಆರೋಗ್ಯವಂತ ಕೋಶಗಳು ತಮಗೆ ಬೇಕಾದ ಆಸ್ಪರಾಜಿನ್ ಅನ್ನು ತಾವೇ ತಯಾರಿಸಿಕೊಳ್ಳುತ್ತವೆ, ಆದರೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿನ ಕೋಶಗಳಲ್ಲಿ ಆ ಸಾಮರ್ಥ್ಯ ಸಾಮಾನ್ಯವಾಗಿ ತೀರಾ ಕಡಿಮೆಯಾದ್ದರಿಂದ ಅವು ರಕ್ತದಲ್ಲಿ ಹರಿಯುವ ಆಸ್ಪರಾಜಿನ್ ಅನ್ನೇ ನಂಬಿ ಬದುಕುತ್ತವೆ. ಕಿಣ್ವವು ಅದನ್ನು ಇಲ್ಲವಾಗಿಸಿದರೆ ಅವು ಸಾಯುತ್ತವೆ. ಈ ಕಿಣ್ವ ಇಂದು ಅನೇಕ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯ ಭಾಗವಾಗಿದೆ. ಯಾವ ವಸ್ತುವಿನ ಕೊರತೆಯಿಂದಲೇ ಒಂದು ಕೋಶ ಸಾಯುತ್ತದೆಯೋ ಅದನ್ನು ‘ಅನಗತ್ಯ’ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಡೀ ದೇಹದ ಮಟ್ಟದಲ್ಲೂ ಈ ಗೆರೆ ಸ್ಥಿರವಲ್ಲ. ಫೀನೈಲಲನಿನ್ ಎಂಬ ‘ಅಗತ್ಯ’ ಅಮೈನೋ ಆಮ್ಲವನ್ನು ಟೈರೋಸಿನ್ ಎಂಬ ಇನ್ನೊಂದಾಗಿ ಮಾರ್ಪಡಿಸುವ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಫೀನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆಯಿರುವ ಮಗುವಿಗೆ, ಉಳಿದವರ ಪಾಲಿಗೆ ‘ಅನಗತ್ಯ’ವಾದ ಟೈರೋಸಿನ್ ಆಹಾರದಿಂದಲೇ ಬರಬೇಕು.

ಆದ್ದರಿಂದ ಈ ಎರಡು ಗುಂಪುಗಳನ್ನು ‘ಆಹಾರದಿಂದಲೇ ಬರಬೇಕಾದವು’ ಮತ್ತು ‘ದೇಹ ತಯಾರಿಸಿಕೊಳ್ಳುವವು’ ಎಂದು ಬರೆಯುವುದು ಸೂಕ್ತವೆಂದು ನನಗನಿಸುತ್ತದೆ. ಪದಗಳು ತುಸು ಉದ್ದವಾಗುತ್ತವೆ, ನಿಜ. ಅರ್ಥ ಮಾತ್ರ ಕೆಡುವುದಿಲ್ಲ. ತಮ್ಮ ಪತ್ರಿಕೆಯ ವಿಜ್ಞಾನ ಪುಟದಿಂದಲೇ ಈ ಬದಲಾವಣೆ ಆರಂಭವಾಗಲಿ ಎಂದು ಕೋರುತ್ತೇನೆ.

ಇತಿ,
ಜೀವರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ