ಎಷ್ಟು ಮಿಲಿಗ್ರಾಂ ಎಂಬುದನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ರೆಡ್ ವೈನ್ ಹೃದಯಕ್ಕೆ ಒಳ್ಳೆಯದು, ಅದರಲ್ಲಿ ರೆಸ್ವೆರಟ್ರಾಲ್ ಇದೆ, ಅದು ಮುಪ್ಪನ್ನು ಮುಂದೂಡುತ್ತದೆ. ಆರೋಗ್ಯ ಪುಟಗಳಲ್ಲಿ ಈ ಮೂರು ಮಾತು ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ. ಮೂರರಲ್ಲಿ ನಡುವಿನದು ಮಾತ್ರ ಪೂರ್ತಿ ನಿಜ. ಇದೆ ಎನ್ನುವವರು ಎಷ್ಟಿದೆ ಎಂದು ಬರೆಯುವುದಿಲ್ಲ. ಔಷಧಶಾಸ್ತ್ರ ಪಾಠ ಮಾಡುವ ನಮ್ಮ ತಕರಾರು ಆ ಒಂದು ಅಂಕಿಯದು.

ರೆಸ್ವೆರಟ್ರಾಲ್ ಗಿಡ ತನ್ನ ರಕ್ಷಣೆಗೆಂದು ತಯಾರಿಸಿಕೊಳ್ಳುವ ವಸ್ತು. 1939ರಲ್ಲಿ ಜಪಾನಿನ ಮಿಚಿಯೊ ತಕಾವೊಕಾ ಅದನ್ನು ಮೊದಲು ಬೇರ್ಪಡಿಸಿದ್ದು ವೆರಾಟ್ರಮ್ ಎಂಬ ವಿಷಗಿಡದಿಂದ. ದ್ರಾಕ್ಷಿ ಬಳ್ಳಿಯಲ್ಲಿ ಕಂಡದ್ದು 1976ರಲ್ಲಿ, ವೈನ್‌ನಲ್ಲಿ 1992ರಲ್ಲಿ. ದ್ರಾಕ್ಷಿಗೆ ಬೂಷ್ಟು ತಗುಲಿದಾಗ, ನೇರಳಾತೀತ ಕಿರಣ ಬಿದ್ದಾಗ ಇದರ ಉತ್ಪತ್ತಿ ಏರುತ್ತದೆ. ಬೂಷ್ಟು ಅತಿಯಾದರೆ ಶಿಲೀಂಧ್ರದ ಕಿಣ್ವವೇ ಅದನ್ನು ಕೆಡಿಸಿಬಿಡುತ್ತದೆ. ಹಾಗಾಗಿ ಒಂದೇ ತೋಟದ ವೈನ್‌ನಲ್ಲೂ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಣ್ಣಿನಲ್ಲಿ ಅದು ಇರುವುದು ಮುಖ್ಯವಾಗಿ ಸಿಪ್ಪೆಯಲ್ಲಿ. ರೆಡ್ ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಸಮೇತ ದಿನಗಟ್ಟಲೆ ಹುದುಗಲು ಬಿಡುತ್ತಾರೆ, ಹುಟ್ಟಿದ ಆಲ್ಕೋಹಾಲ್ ಅದನ್ನು ಸಿಪ್ಪೆಯಿಂದ ಎಳೆದುಕೊಳ್ಳುತ್ತದೆ. ವೈಟ್ ವೈನ್‌ಗೆ ರಸ ಹಿಂಡಿ ಸಿಪ್ಪೆಯನ್ನು ಮೊದಲೇ ತೆಗೆದುಬಿಡುವುದರಿಂದ ಅದರಲ್ಲಿ ತೀರಾ ಕಡಿಮೆ.

ಈಗ ಲೆಕ್ಕ. ರೆಡ್ ವೈನ್‌ನಲ್ಲಿ ಸರಾಸರಿ ಲೀಟರಿಗೆ ಸುಮಾರು 1.9 ಮಿಲಿಗ್ರಾಂ ಇರುತ್ತದೆ, 150 ಮಿ.ಲೀ. ಲೋಟದಲ್ಲಿ 0.3 ಮಿಲಿಗ್ರಾಂ ಹತ್ತಿರ. ಬೊಜ್ಜಿನ ಇಲಿಗಳ ಆಯುಸ್ಸು ರೆಸ್ವೆರಟ್ರಾಲ್‌ನಿಂದ ಹೆಚ್ಚಿತು ಎಂದು ಜಗತ್ತಿನಾದ್ಯಂತ ಸುದ್ದಿಯಾದ 2006ರ ಪ್ರಯೋಗದಲ್ಲಿ ಇಲಿಗಳಿಗೆ ದಿನವೊಂದಕ್ಕೆ ಕೊಟ್ಟದ್ದು ದೇಹತೂಕದ ಪ್ರತಿ ಕಿಲೋಗೆ 22.4 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ಇದನ್ನು ನೇರವಾಗಿ ಗುಣಿಸಿದರೆ 1,344 ಮಿಲಿಗ್ರಾಂ. ಆದರೆ ಹಾಗೆ ಗುಣಿಸುವುದು ತಪ್ಪು, ಏಕೆಂದರೆ ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಕರಗಿಸುತ್ತದೆ. ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸಲು ವಾಡಿಕೆಯಂತೆ 12.3ರಿಂದ ಭಾಗಿಸುತ್ತೇವೆ. ಆಗ ಸುಮಾರು 109 ಮಿಲಿಗ್ರಾಂ ಬರುತ್ತದೆ. ಈ ಉದಾರ ಲೆಕ್ಕದಲ್ಲೂ ದಿನಕ್ಕೆ 57 ಲೀಟರ್ ವೈನ್, ಅಂದರೆ 750 ಮಿ.ಲೀ.ಯ 76 ಬಾಟಲಿ. ಅಷ್ಟರಲ್ಲಿ ಶುದ್ಧ ಆಲ್ಕೋಹಾಲೇ ಐದು ಕಿಲೋ ದಾಟುತ್ತದೆ! ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ ಬೀಜದಲ್ಲೂ ಒಂದು ಲೋಟ ವೈನ್‌ನಲ್ಲಿರುವಷ್ಟೋ ಅದಕ್ಕಿಂತ ಜಾಸ್ತಿಯೋ ರೆಸ್ವೆರಟ್ರಾಲ್ ಸಿಗುತ್ತದೆ. ಆದರೂ ಅದಕ್ಕೆ ಯಾರೂ ಹೃದಯದ ಟಾನಿಕ್ ಎಂಬ ಪಟ್ಟ ಕಟ್ಟಿಲ್ಲ.

ಕುಡಿದದ್ದೆಲ್ಲ ಕೆಲಸಕ್ಕೆ ಬರುವುದೂ ಇಲ್ಲ. ಬಾಯಿಂದ ಕೊಟ್ಟ 25 ಮಿಲಿಗ್ರಾಂ ಡೋಸಿನಲ್ಲಿ ಶೇ 70ರಷ್ಟನ್ನು ಕರುಳು ಹೀರಿಕೊಳ್ಳುತ್ತದೆ, ಇಲ್ಲಿಯವರೆಗೆ ಸರಿ. ಆಮೇಲೆ ಕರುಳಿನ ಗೋಡೆಯೂ ಯಕೃತ್ತೂ ಸೇರಿ ಅದಕ್ಕೆ ಸಲ್ಫೇಟ್, ಗ್ಲುಕುರೊನಿಕ್ ಆಮ್ಲ ಅಂಟಿಸಿ ಮೂತ್ರದ ದಾರಿ ತೋರಿಸುತ್ತವೆ. ಮೂಲರೂಪದಲ್ಲಿ ರಕ್ತದಲ್ಲಿ ಉಳಿಯುವುದು ಮಿಲಿಲೀಟರಿಗೆ 5 ನ್ಯಾನೊಗ್ರಾಂಗಿಂತಲೂ ಕಡಿಮೆ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ಸುರಿಯುವ ದ್ರಾವಣದಲ್ಲಿ 10 ಮೈಕ್ರೊಮೋಲಾರ್ ಸಾಂದ್ರತೆ ಸಾಮಾನ್ಯ, ಎಂದರೆ ಮಿಲಿಲೀಟರಿಗೆ 2,280 ನ್ಯಾನೊಗ್ರಾಂ. ನಾನೂರು ಪಟ್ಟಿಗೂ ಮಿಕ್ಕ ಅಂತರ. ತಟ್ಟೆಯಲ್ಲಿ ಕೋಶ ಸತ್ತಿತು ಎಂಬ ಸುದ್ದಿಯನ್ನು ಓದುವಾಗ ಈ ಅಂತರ ನೆನಪಿರಬೇಕು.

ಮುಪ್ಪಿನ ಕಥೆ ಶುರುವಾದದ್ದು 2003ರಲ್ಲಿ. ಮುಪ್ಪಿನ ವೇಗಕ್ಕೆ ನಂಟಿದೆ ಎನ್ನಲಾದ ಸರ್ಟ್1 ಎಂಬ ಕಿಣ್ವವನ್ನು ರೆಸ್ವೆರಟ್ರಾಲ್ ಚುರುಕುಗೊಳಿಸುತ್ತದೆ, ಯೀಸ್ಟ್‌ನ ಆಯುಸ್ಸು ಹೆಚ್ಚಿಸುತ್ತದೆ ಎಂಬ ವರದಿ ಆ ವರ್ಷ ಬಂತು. ಅದನ್ನೇ ನಂಬಿ ಹುಟ್ಟಿದ ಸರ್ಟ್ರಿಸ್ ಕಂಪನಿಯನ್ನು ಔಷಧ ಕಂಪನಿ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಕೊಂಡಿತು. ತೊಡಕಿದ್ದದ್ದು ಪರೀಕ್ಷೆಯಲ್ಲೇ. ಕಿಣ್ವದ ಕೆಲಸವನ್ನು ಅಳೆಯಲು ಪೆಪ್ಟೈಡ್‌ಗೆ, ಅಂದರೆ ಪ್ರೋಟೀನಿನ ತುಣುಕಿಗೆ, ಹೊಳೆಯುವ ಬಣ್ಣದ ಅಣುವೊಂದನ್ನು ಅಂಟಿಸಿದ್ದರು. 2005ರಲ್ಲಿ ಬೇರೆಯವರು ಆ ಬಣ್ಣ ತೆಗೆದು ಅಳೆದರೆ ಚುರುಕೇ ಮಾಯ. ಕೆಲವು ನೈಸರ್ಗಿಕ ಪೆಪ್ಟೈಡ್‌ಗಳ ಮೇಲೆ ಪರಿಣಾಮ ಇದ್ದೀತು ಎಂಬ ವಾದ 2013ರಲ್ಲಿ ಮತ್ತೆ ಎದ್ದಿದೆ, ನಿಜ. ಆದರೆ ಇಲಿಗಳ ವಿಷಯದಲ್ಲಿ ಉತ್ತರ ಸಾಕಷ್ಟು ಸ್ಪಷ್ಟ: 2006ರ ಇಲಿಗಳು ಶೇ 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುವ ಆಹಾರ ತಿಂದು ಬೊಜ್ಜು ಬೆಳೆಸಿಕೊಂಡವು. ಮಾಮೂಲಿ ಆಹಾರ ತಿನ್ನುವ ಇಲಿಗಳ ಆಯುಸ್ಸನ್ನು ರೆಸ್ವೆರಟ್ರಾಲ್ ಹೆಚ್ಚಿಸಲಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳು ಒಂದೊಂದು ಕಡೆ ಎಳೆಯುತ್ತವೆ. 2011ರಲ್ಲಿ ಬೊಜ್ಜಿರುವ 11 ಪುರುಷರಿಗೆ ದಿನಕ್ಕೆ 150 ಮಿಲಿಗ್ರಾಂನಂತೆ 30 ದಿನ ಕೊಟ್ಟಾಗ ರಕ್ತದ ಸಕ್ಕರೆ, ರಕ್ತದೊತ್ತಡ ಸುಧಾರಿಸಿದವು. 2013ರಲ್ಲಿ ಬೊಜ್ಜಿರುವ 24 ಮಂದಿಗೆ ಅದರ ಹತ್ತು ಪಟ್ಟು, 1,500 ಮಿಲಿಗ್ರಾಂ, ನಾಲ್ಕು ವಾರ ಕೊಟ್ಟರೂ ಏನೂ ಆಗಲಿಲ್ಲ. ಟೈಪ್ 2 ಮಧುಮೇಹ ಇರುವವರಲ್ಲಿ ಸಕ್ಕರೆ ಸ್ವಲ್ಪ ಇಳಿಯುವ ಸೂಚನೆ ಇದೆ, ಆರೋಗ್ಯವಂತರಲ್ಲಿ ಇಲ್ಲ. ಅತ್ಯಂತ ಮುಜುಗರದ ಫಲಿತಾಂಶ ಕೋಪನ್‌ಹೇಗನ್‌ನದು: ಸುಮಾರು 65 ವಯಸ್ಸಿನ 27 ಪುರುಷರಿಗೆ ಎಂಟು ವಾರ ಕಠಿಣ ವ್ಯಾಯಾಮ ಮಾಡಿಸಿದರು, ಅವರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 250 ಮಿಲಿಗ್ರಾಂ ರೆಸ್ವೆರಟ್ರಾಲ್ ಕೊಟ್ಟರು. ದೇಹ ಗರಿಷ್ಠ ಆಮ್ಲಜನಕ ಬಳಸುವ ಸಾಮರ್ಥ್ಯದಲ್ಲಿ ವ್ಯಾಯಾಮದಿಂದಾಗುವ ಏರಿಕೆ ರೆಸ್ವೆರಟ್ರಾಲ್ ಪಡೆಯದವರಲ್ಲೇ ಶೇ 45ರಷ್ಟು ಹೆಚ್ಚಿತ್ತು. ವಾಕಿಂಗ್ ಮುಗಿಸಿ ಬಂದು ಕ್ಯಾಪ್ಸೂಲ್ ನುಂಗುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಗಾದರೆ ಬೆಣ್ಣೆ, ಚೀಸ್ ತಿಂದೂ ಫ್ರೆಂಚರ ಹೃದಯ ಗಟ್ಟಿಯಾಗಿದ್ದದ್ದು ಹೇಗೆ? 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ವೈನ್ ಲೋಟ ಎತ್ತಿ ತೋರಿಸಿದಾಗಿನಿಂದ ಈ ಪ್ರಶ್ನೆ ಜೀವಂತ. ಆದರೆ ಇಂಥ ಹೋಲಿಕೆಗಳಲ್ಲಿ ಕುಡಿಯದವರ ಗುಂಪಿಗೆ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಳ್ಳುತ್ತಾರೆ. ಆಗ ಮಿತವಾಗಿ ಕುಡಿಯುವವರು ಇಲ್ಲದ ಆರೋಗ್ಯ ಗಳಿಸಿಬಿಡುತ್ತಾರೆ. ರೆಸ್ವೆರಟ್ರಾಲನ್ನೇ ಅಳೆದು ನೋಡಿದ ಅಧ್ಯಯನವೂ ಇದೆ. ಇಟಲಿಯ ಕಿಯಾಂಟಿ ಸೀಮೆಯ, 65 ದಾಟಿದ 783 ಮಂದಿಯ ಮೂತ್ರದಲ್ಲಿ ಅದರ ಅಂಶಗಳನ್ನು ಅಳೆದು ಒಂಬತ್ತು ವರ್ಷ ಗಮನಿಸಿದರು. ಹೃದ್ರೋಗಕ್ಕಾಗಲಿ ಕ್ಯಾನ್ಸರಿಗಾಗಲಿ ಸಾವಿಗಾಗಲಿ ಆ ಅಂಕಿಗೂ ಸಂಬಂಧ ಕಾಣಲಿಲ್ಲ ಎಂದು 2014ರಲ್ಲಿ ಪ್ರಕಟಿಸಿದರು. ಇತ್ತ ಆಲ್ಕೋಹಾಲ್ ಪಾನೀಯಗಳು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ 1988ರಿಂದಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿನಲ್ಲಿವೆ. ಶೇ 12ರ ವೈನ್ 150 ಮಿ.ಲೀ. ಕುಡಿದವರು 0.3 ಮಿಲಿಗ್ರಾಂ ರೆಸ್ವೆರಟ್ರಾಲ್‌ಗಾಗಿ 14 ಗ್ರಾಂ ಆಲ್ಕೋಹಾಲ್ ಒಳಗೆ ಇಳಿಸಿದಂತಾಯಿತು.

ಇನ್ನು ಕ್ಯಾಪ್ಸೂಲ್. ಹೆಚ್ಚಿನವು ಬರುವುದು ದ್ರಾಕ್ಷಿಯಿಂದಲ್ಲ, ಜಪಾನೀಸ್ ನಾಟ್‌ವೀಡ್ ಎಂಬ ಕಳೆಗಿಡದ ಬೇರಿನಿಂದ. ಡಬ್ಬಿಯ ಮುಂದೆ 500 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿದ್ದರೆ ಹಿಂದಿನ ಸಣ್ಣಕ್ಷರ ಓದಿ. ಶೇ 50ರ ಸಾರ ಎಂದಿದ್ದರೆ ನಿಮಗೆ ಸಿಗುವುದು 250. ಅರೆಶುದ್ಧ ಸಾರ ಕಂದು ಬಣ್ಣದ್ದು, ಅದರಲ್ಲಿ ಎಮೊಡಿನ್ ಎಂಬ ಭೇದಿ ಮಾಡಿಸುವ ವಸ್ತು ಉಳಿದಿರಬಹುದು. ಶುದ್ಧವಾದದ್ದು ಬಿಳಿಯ ಹತ್ತಿರದ ಪುಡಿ. ಈ ಅಣುವಿಗೆ ಟ್ರಾನ್ಸ್, ಸಿಸ್ ಎಂಬ ಎರಡು ಆಕಾರಗಳಿವೆ, ಬೇಕಾದದ್ದು ಮೊದಲನೆಯದು. ಟ್ರಾನ್ಸ್ ರೆಸ್ವೆರಟ್ರಾಲ್ ಎಂದು ಬರೆದಿದೆಯೇ ನೋಡಿ. ಬೆಳಕಿಗೆ ಬಿದ್ದರೆ ಟ್ರಾನ್ಸ್ ರೂಪ ಸಿಸ್ ರೂಪಕ್ಕೆ ತಿರುಗುವುದರಿಂದ ಪಾರದರ್ಶಕ ಡಬ್ಬಿ ಬೇಡ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ ಎಂಬ ಸಲಹೆ ತಿರುವುಮುರುವು: ಜಿಡ್ಡು ಹೆಚ್ಚಿದ್ದರೆ ರಕ್ತ ಸೇರುವುದು ಕಡಿಮೆಯಾಗುತ್ತದೆ. ಯುರೋಪಿಯನ್ ಒಕ್ಕೂಟ 2016ರಲ್ಲಿ ಸಂಶ್ಲೇಷಿತ ರೂಪಕ್ಕೆ ಒಪ್ಪಿಗೆ ಕೊಟ್ಟದ್ದು ದಿನಕ್ಕೆ 150 ಮಿಲಿಗ್ರಾಂ ಮಿತಿಯಲ್ಲಿ, ಅದೂ ಔಷಧ ಸೇವಿಸುವವರು ವೈದ್ಯರ ನಿಗಾದಲ್ಲಷ್ಟೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯ ಜೊತೆಗೆ. ದಿನಕ್ಕೆ 2.5 ಗ್ರಾಂ ದಾಟಿದರೆ ವಾಕರಿಕೆ, ಹೊಟ್ಟೆನೋವು, ಭೇದಿ ಸಾಮಾನ್ಯ. ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ರೋಗಿಗಳಿಗೆ 5 ಗ್ರಾಂ ಕೊಟ್ಟ ಪ್ರಯೋಗವೊಂದು ಕೆಲವರ ಮೂತ್ರಪಿಂಡ ಕೈಕೊಟ್ಟದ್ದರಿಂದ ಅರ್ಧಕ್ಕೇ ನಿಂತಿತು. ಮೈಲೋಮಾವೇ ಮೂತ್ರಪಿಂಡ ಕೆಡಿಸುವ ರೋಗವಾದ್ದರಿಂದ ತಪ್ಪು ಪೂರ್ತಿ ಔಷಧದ್ದು ಎನ್ನಲಾಗದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆ ಕರಗಿಸುವ ಯಕೃತ್ತಿನ ಕಿಣ್ವವನ್ನೂ ಇದು ತಡೆಯುತ್ತದೆ. ಈಸ್ಟ್ರೊಜನ್ ಹಾರ್ಮೋನನ್ನು ತುಸು ಹೋಲುವ ಗುಣ ಇರುವುದರಿಂದ ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಇದ್ದವರು ಮುಟ್ಟದಿರುವುದು ವಾಸಿ. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ಯಾವ ಮಾತ್ರೆ ತಗೋತೀರಿ ಎಂದು ಕೇಳಿದಾಗ ಇದನ್ನೂ ಹೇಳಬೇಕು. ಗಿಡದ್ದಲ್ಲವೇ ಎಂದು ಬಿಟ್ಟುಬಿಡುವವರೇ ಹೆಚ್ಚು.

ತಮ್ಮಲ್ಲಿ ವಿನಂತಿ ಇಷ್ಟೇ: ಮುಂದಿನ ಸಲ ಇಂಥ ಸುದ್ದಿ ಬಂದರೆ ಯಾರ ಮೇಲೆ ಪ್ರಯೋಗ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದನ್ನೂ ಸೇರಿಸಿ. 'ಬೊಜ್ಜಿನ ಇಲಿ, ಕಿಲೋಗೆ 22.4 ಮಿ.ಗ್ರಾಂ' ಎನ್ನಲು ಕಾಲಂನಲ್ಲಿ ಒಂದು ಸಾಲು ಸಾಕು.

ಇಂತಿ,
ಇಬ್ಬರು ಔಷಧಶಾಸ್ತ್ರ ಅಧ್ಯಾಪಕರು