ಕೋಳಿ ಮನೆಯ ಅಣ್ಣನಿಗೆ, ಮತ್ತು ಉಳಿದ ಎಲ್ಲರಿಗೂ

ನಮ್ಮ ಕೃಷಿ ಕಾಲೇಜಿನ ವರ್ಷ ಮುಗಿಯಿತು. ಕೊನೆಯ ಬ್ಯಾಚಿನ ವೈವಾ ಆಯಿತು, ಫಾರಂನ ಸ್ಟಾಕ್ ರಿಜಿಸ್ಟರ್‌ಗೆ ಸಹಿಯೂ ಬಿತ್ತು. ಫಾರಂಗೆ ಬಡಿದ ಬಿರುಗಾಳಿಯ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಯಾವ ಶೆಡ್ಡಿನ ಶೀಟು ಹಾರಿತು, ಯಾವ ಪ್ಲಾಟು ಮುಳುಗಿತು ಅನ್ನೋದು ನಿಮಗೆಲ್ಲ ಗೊತ್ತು. ಅರ್ಧ ಜನ ಬಂದು ನೋಡಿದ್ದೀರಿ, ಉಳಿದವರು ಫೋನ್ ಮಾಡಿ ಕೇಳಿದ್ದೀರಿ. ಆಗ ಯಾರಿಗೂ ನೆಟ್ಟಗೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ. ಈಗ ಇದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೃಷಿ ಕಾಲೇಜು ನಡೆಸುವುದರಲ್ಲಿ ಒಂದು ತೊಡಕಿದೆ. ಕ್ಲಾಸಿಗೆ ರಜೆ ಕೊಡಬಹುದು, ಪರೀಕ್ಷೆ ಮುಂದೆ ಹಾಕಬಹುದು. ಹಸುವಿನ ಕೆಚ್ಚಲಿಗೆ ರಜೆ ಕೊಡಲಾಗುವುದಿಲ್ಲ. ಕರೆಂಟಿಲ್ಲದ ದಿನಗಳಲ್ಲಿ ಎರಡು ಹೊತ್ತೂ ಕೈಯಲ್ಲೇ ಹಾಲು ಕರೆದ ಡೈರಿಯ ಎಲ್ಲರಿಗೂ, ಗದ್ದೆಯಿಂದ ನೀರು ಹೊರಹಾಕಿದ ಟ್ರ್ಯಾಕ್ಟರ್ ಡ್ರೈವರ್‌ಗೆ, ಬಿಲ್ಲುಗಳ ಹಿಂದೆ ಬಿದ್ದ ಆಫೀಸಿನವರಿಗೆ, ಹಾಸ್ಟೆಲ್ಲಿನ ಅಡುಗೆಯವರಿಗೆ ನನ್ನ ವಂದನೆ.

ಬೀಜದ ಲ್ಯಾಬಿನ ಹುಡುಗಿಯರನ್ನು ಬೇರೆಯಾಗಿ ನೆನೆಯಬೇಕು. ನೆನೆದ ಬೀಜವನ್ನು ಕ್ಲಾಸ್‌ರೂಮುಗಳ ನೆಲದ ಮೇಲೆಲ್ಲ ಹರಡಿ, ಹಗಲು ರಾತ್ರಿ ತಿರುವಿ, ತೇವಾಂಶ ಮತ್ತೆ ಶೇ. 13ಕ್ಕಿಂತ ಕೆಳಗೆ ಇಳಿಯುವ ತನಕ ಅವರು ಬಿಡಲಿಲ್ಲ. ತೇವಾಂಶ ಒಂದು ಶೇಕಡಾ ಇಳಿದರೆ ಬೀಜದ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬ ಹ್ಯಾರಿಂಗ್ಟನ್ ಸೂತ್ರವನ್ನು ನಾವು ಬೋರ್ಡಿನ ಮೇಲೆ ಬರೆಯುತ್ತೇವೆ. ಅವರು ಅದನ್ನು ಅದೇ ಬೋರ್ಡಿನ ಕೆಳಗೆ ಮಾಡಿ ತೋರಿಸಿದರು.

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಿಗೂ ಒಂದು ನಮಸ್ಕಾರ. ತಳಿ ಪ್ರಯೋಗದ ನಾಲ್ಕು ಬ್ಲಾಕುಗಳಲ್ಲಿ, ಅಂದರೆ ಎಲ್ಲ ತಳಿಗಳನ್ನೂ ಹಾಕಿದ ನಾಲ್ಕು ಹೊಲದ ತುಂಡುಗಳಲ್ಲಿ, ಒಂದು ಪೂರ್ತಿ ಕೊಚ್ಚಿಹೋದಾಗ ಪಿಜಿ ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, 'ಉಳಿದ ಮೂರರಲ್ಲೂ ಎಲ್ಲ ತಳಿ ಇವೆಯಲ್ಲಪ್ಪ, ಅಳೋದು ಯಾಕೆ?' ಎಂದರು. ಹೀಗೆ ಬ್ಲಾಕು ಮಾಡಿ ಪ್ರಯೋಗ ಹಾಕುವ ಕ್ರಮವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ರೂಪಿಸಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್‌ಗೂ ಇರಲಿ ಒಂದು ಥ್ಯಾಂಕ್ಸ್. ಆತ ಈ ಬರಹ ಓದುವುದಿಲ್ಲ, ಆದರೂ.

ಇನ್ನು ಕೋಳಿ ಮನೆಯ ಅಣ್ಣ. ಹೆಸರು ಹಾಕಬೇಡಿ ಮೇಡಂ ಎಂದಿದ್ದಾರೆ, ಹಾಕುವುದಿಲ್ಲ.

ಬಿರುಗಾಳಿಯ ಆ ರಾತ್ರಿ ಕರೆಂಟು ಹೋದಾಗ ಹ್ಯಾಚರ್‌ನಲ್ಲಿ, ಅಂದರೆ ಮರಿ ಮಾಡಿಸುವ ಯಂತ್ರದಲ್ಲಿ, ಇದ್ದ ಮೊಟ್ಟೆಗಳಿಗೆ 19ನೇ ದಿನ. ಕೋಳಿ ಮೊಟ್ಟೆ ಒಡೆದು ಮರಿಯಾಗುವುದು 21ನೇ ದಿನಕ್ಕೆ. ಅಂದರೆ ಒಳಗೆ ಮರಿ ಪೂರ್ತಿ ಬೆಳೆದು ಕೂತಿದೆ. ಅವು ಅಂಗಡಿಯಲ್ಲಿ ಮಾರುವ ಮೊಟ್ಟೆಗಳಲ್ಲ. ಹಲವು ತಲೆಮಾರು ಆರಿಸಿ ಆರಿಸಿ ಉಳಿಸಿಕೊಂಡು ಬಂದ ತಳಿಯವು. ಪ್ರತಿಯೊಂದರ ಮೇಲೂ ತಾಯಿ ಕೋಳಿಯ ನಂಬರ್ ಪೆನ್ಸಿಲ್‌ನಲ್ಲಿ ಬರೆದಿತ್ತು. ಮರಿಗಳು ಒಂದರೊಳಗೊಂದು ಬೆರೆಯದಿರಲಿ ಎಂದು ಒಂದೊಂದು ತಾಯಿಯ ಮೊಟ್ಟೆಗೂ ಬೇರೆ ಬೇರೆ ಬಲೆಬುಟ್ಟಿ. ಒಂದು ಬುಟ್ಟಿ ಪೂರ್ತಿ ಹೋದರೆ ಒಂದು ವಂಶವೇ ಹೋದಂತೆ. ಮುಂದಿನ ವರ್ಷ ಮತ್ತೆ ಮಾಡೋಣ ಎನ್ನುವ ಹಾಗಿರಲಿಲ್ಲ, ಯಾಕೆಂದರೆ ತಾಯಿ ಕೋಳಿಗಳಿದ್ದ ಶೆಡ್ಡೇ ಆ ಹೊತ್ತಿಗೆ ಬಿದ್ದಿತ್ತು.

ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಬರುವ ದಾರಿಯಲ್ಲಿ ಮರ ಬಿದ್ದಿತ್ತು. ಕಾವು ಆರಿಹೋಗುತ್ತದೆ ಎಂದು ಹುಡುಗರು ಕಂಬಳಿ ತರಲು ಓಡಿದರು. ಅಣ್ಣ ಮಾತ್ರ ಯಂತ್ರದ ಬಾಗಿಲು ತೆರೆದರು. ಯಾರೋ ಗಾಬರಿಯಲ್ಲಿ ಮುಚ್ಚಿ ಮುಚ್ಚಿ ಎಂದು ಕೂಗಿದರು. ಅವರು ತಿರುಗಿಯೂ ನೋಡದೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. 'ಒಳಗೆ ಜೀವ ಇದೆ ಮೇಡಂ. ಬಿಸಿ ಅದೇ ಮಾಡ್ಕೊಳ್ಳುತ್ತೆ. ಈಗ ಅದಕ್ಕೆ ಬೇಕಾಗಿರೋದು ಗಾಳಿ.'

ಅವರು ಹೇಳಿದ್ದು ಪುಸ್ತಕದಲ್ಲೂ ಇದೆ. ಮೊದಲ ದಿನಗಳಲ್ಲಿ ಮೊಟ್ಟೆಗೆ ಹೊರಗಿನ ಕಾವು ಬೇಕು. ಕೊನೆಯ ದಿನಗಳಲ್ಲಿ ಮರಿಯೇ ಬಿಸಿ ಹೊರಗೆ ಬಿಡುತ್ತದೆ. ಫ್ಯಾನ್ ನಿಂತ ಯಂತ್ರದಲ್ಲಿ ಆ ಬಿಸಿ ಮೇಲಿನ ಟ್ರೇಗಳಲ್ಲಿ ಕೂಡಿಕೊಳ್ಳುತ್ತದೆ, ಉಸಿರಿಗೆ ಗಾಳಿಯೂ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ತಣ್ಣಗಾಗುವುದಕ್ಕಿಂತ ಬೇಯುವ ಭಯವೇ ಜಾಸ್ತಿ. ಓದಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೆವು. ಆದರೆ ಕತ್ತಲಲ್ಲಿ, ಆ ಗಾಳಿಯ ಸದ್ದಿನಲ್ಲಿ ಅದು ಕೈಗೆ ಬಂದದ್ದು ಅವರಿಗೆ.

ಅಲ್ಲಿಂದ ಬೆಳಗಿನ ತನಕ ಅವರು ಒಂದು ಗಳಿಗೆಯೂ ಕೂತದ್ದನ್ನು ನಾನು ಕಾಣಲಿಲ್ಲ. ಬಾಗಿಲು ತೆರೆಯುವುದು, ರಟ್ಟಿನ ತುಂಡಿನಿಂದ ಬೀಸುವುದು, ಮೇಲಿನ ಟ್ರೇ ಕೆಳಗೆ ಕೆಳಗಿನದು ಮೇಲಕ್ಕೆ, ಮತ್ತೆ ಅರೆಬಾಗಿಲು ಮುಚ್ಚುವುದು. ಚಿಪ್ಪಿನ ಪೊರೆ ಒಣಗಬಾರದೆಂದು ನೆಲಕ್ಕೆ ಬೆಚ್ಚನೆ ನೀರು. ನಡುನಡುವೆ ಒಂದು ಮೊಟ್ಟೆ ತೆಗೆದು ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. ಥರ್ಮಾಮೀಟರ್ ಇದೆಯಲ್ಲಾ ಎಂದೆ. 'ಅದು ಗಾಳಿಯ ಬಿಸಿ ಹೇಳುತ್ತೆ, ಇದು ಮೊಟ್ಟೆಯ ಬಿಸಿ ಹೇಳುತ್ತೆ' ಎಂದರು. ಈಜಿಪ್ಟಿನ ಹಳೆಯ ಕಾವುಗೂಡುಗಳಲ್ಲಿ ಯಂತ್ರವೇ ಇಲ್ಲದ ಕಾಲದಿಂದ ಕೆಲಸದವರು ಹೀಗೇ ರೆಪ್ಪೆಗೆ ಒತ್ತಿ ನೋಡುತ್ತಿದ್ದರಂತೆ. ನಾನು ಆಮೇಲೆ ಹುಡುಕಿ ಓದಿ ಅವರಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಮತ್ತೆ ಹೇಗೆ ನೋಡೋಕಾಗುತ್ತೆ ಎಂದು ನನ್ನನ್ನೇ ಕೇಳಿದರು.

ಬೆಳಕು ಹರಿದ ಮೇಲೆ ಮೆಕ್ಯಾನಿಕ್ ಬಂದರು, ಫ್ಯಾನ್ ತಿರುಗಿತು. ನಾನು ಫೀಡ್ ಗೋದಾಮಿಗೆ ಹೋಗಿ ಮೂಟೆಗಳ ಹಿಂದೆ ಕೂತು ಅತ್ತೆ. ಮೊಟ್ಟೆಯ ಚಿಂತೆಗೆ ಅತ್ತದ್ದಲ್ಲ. ದಿನಗೂಲಿಯ ದುಡ್ಡು ಬರಬೇಕಾದ ಕಡೆಯಿಂದ ಆ ಹೊತ್ತಿಗೆ ಬಂದಿರಲಿಲ್ಲ. ಹಿಂದಿನ ತಿಂಗಳ ಕೂಲಿಯೇ ಸಿಗದ ಮನುಷ್ಯ ರಾತ್ರಿಯಿಡೀ ರಟ್ಟು ಬೀಸಿದ್ದರು. ಕೂಲಿಯವರ ಹಾಜರಿ ಬರೆಯುವ ಮಸ್ಟರ್ ರೋಲ್‌ನಲ್ಲಿ ಹಗಲಿಗೆ ಕಾಲಂ ಇದೆ, ಅಂಥ ರಾತ್ರಿಗೆ ಇಲ್ಲ. ವಾರ್ಷಿಕ ವರದಿಯಲ್ಲಿ ಎಷ್ಟು ಎಕರೆ, ಎಷ್ಟು ಕ್ವಿಂಟಲ್, ಎಷ್ಟು ಲೀಟರ್ ಎಲ್ಲ ಇರುತ್ತದೆ. ಇವರನ್ನು ಯಾವ ಸಾಲಿನಲ್ಲಿ ಬರೆಯುವುದು? ನನಗೆ ಸಿಟ್ಟು ಬಂದಿತ್ತು. ಸುಳ್ಳು ಯಾಕೆ, ಈಗಲೂ ಇದೆ. ಕೂಲಿ ಆಮೇಲೆ ಬಂತು, ಬಾಕಿಯೂ ಚುಕ್ತಾ ಆಯಿತು. ಸಿಟ್ಟು ಮಾತ್ರ ಪೂರ್ತಿ ಹೋಗಿಲ್ಲ.

ಇರಲಿ. ಮರಿಗಳ ವಿಷಯ ಹೇಳುತ್ತೇನೆ. ಎಲ್ಲವೂ ಉಳಿದವು ಎಂದರೆ ಸರಿಯಾಗುವುದಿಲ್ಲ. ಮೇಲಿನ ಟ್ರೇಯ ಕೆಲವು ಮೊಟ್ಟೆ ಒಡೆಯಲೇ ಇಲ್ಲ. ಕೆಲವು ಮರಿಗಳು ಚಿಪ್ಪಿಗೆ ತೂತು ಮಾಡಿ ಅಲ್ಲೇ ಸೋತವು. ಆದರೆ ಪ್ರತಿ ತಾಯಿಯ ಬುಟ್ಟಿಯಲ್ಲೂ ಮರಿ ಇತ್ತು. ಒಂದು ವಂಶವೂ ತಪ್ಪಲಿಲ್ಲ. ಆ ಮರಿಗಳು ಈಗ ದೊಡ್ಡವಾಗಿ ತಾವೇ ಮೊಟ್ಟೆ ಇಡುತ್ತಿವೆ. ಅವುಗಳ ಮೇಲೆ ಕೆಲಸ ಮಾಡಿದ ಹುಡುಗ ತನ್ನ ಥೀಸಿಸ್‌ನಲ್ಲಿ ಗೈಡ್‌ಗಿಂತ ಮೊದಲು ಅಣ್ಣನ ಹೆಸರು ಹಾಕಿದ್ದಾನೆ. ಗೈಡ್ ಸ್ವಲ್ಪ ಮುಖ ಗಂಟಿಕ್ಕಿಕೊಂಡು ಸಹಿ ಹಾಕಿದರು. ಆ ಗೈಡ್ ನಾನೇ, ಆ ಗಂಟು ತಮಾಷೆಯದು.

ಹೊಸ ಜನರೇಟರ್ ಬಂದಿದೆ. ರಾತ್ರಿ ಪಾಳಿಗೆ ಭತ್ಯೆ ಕೊಡಬೇಕೆಂದು ಬರೆದ ಪತ್ರ ಮೇಲೆ ಹೋಗಿದೆ, ಅದರ ಬೆನ್ನು ಬಿಡುವುದಿಲ್ಲ. ಶೆಡ್ಡಿಗೆ ಶೀಟು ಹೊದಿಸುವ ಕೆಲಸಕ್ಕೆ ಬರುತ್ತೇವೆ ಎಂದಿದ್ದ ಹಳೆ ವಿದ್ಯಾರ್ಥಿಗಳು ದಯವಿಟ್ಟು ಮಳೆಗೆ ಮುಂಚೆ ಬನ್ನಿ.

ಅಣ್ಣ, ನೀವು ಕೇಳಿದ ರಜೆ ಮಂಜೂರಾಗಿದೆ. ಹೋಗಿ ಬನ್ನಿ. ಹೊಸ ಬ್ಯಾಚು ಈಗ 7ನೇ ದಿನದಲ್ಲಿದೆ, ಒಳಗೆ ಮರಿ ಬೆಳೆಯುತ್ತಿದೆಯೇ ಎಂದು ಮೊಟ್ಟೆಗೆ ಬೆಳಕು ಹಿಡಿದು ನೋಡುವ ಕೆಲಸ ನಾವು ಮಾಡಿಕೊಳ್ಳುತ್ತೇವೆ. ಅನುಮಾನ ಬಂದ ಮೊಟ್ಟೆ ಎಸೆಯುವುದಿಲ್ಲ. ನೀವು ಬಂದು ನೋಡುವ ತನಕ ಬೇರೆ ಟ್ರೇಯಲ್ಲಿ ಕಾವಿನಲ್ಲೇ ಇರುತ್ತವೆ. ಫೋನ್ ಮಾತ್ರ ಆಫ್ ಮಾಡಬೇಡಿ.