ಸಿಡಿಲು ಬಡಿದ ರೇಡಿಯೊವನ್ನು ಎಬ್ಬಿಸಿದವರಿಗೆ

ಕೇರಳದ ಗಡಿನಾಡು ಕಾಸರಗೋಡು ಜಿಲ್ಲೆಯ ನಮ್ಮ ಸಮುದಾಯ ರೇಡಿಯೊ ಮತ್ತೆ ಮಾತಾಡುತ್ತಿದೆ. ತುಳುವಿನ ಬೇಶ ತಿಂಗಳ ಕೊನೆಗೆ, ಅಂದರೆ ಜೂನ್ ನಡುವಿನಲ್ಲಿ, ಬಡಿದ ಸಿಡಿಲಿಗೆ ಟ್ರಾನ್ಸ್‌ಮಿಟರ್ ಸುಟ್ಟಿತ್ತು, ಮಿಕ್ಸರ್ ಕೂಡ ಹೋಗಿತ್ತು. ಕಾರ್ತೆಲ್, ಆಟಿ ಎರಡೂ ತಿಂಗಳು ಹಾಗೇ ಕಳೆದವು. ಆಗಸ್ಟ್ ನಡುವಿನ ಸೋಣ ಸಂಕ್ರಮಣ ಕಳೆದ ವಾರದಲ್ಲಿ ಬಾಯಾರು, ಪೈವಳಿಕೆ ಕಡೆಯ ಮನೆಗಳಲ್ಲಿ ಪುನಃ ನಮ್ಮ ಧ್ವನಿ ಕೇಳಿಸಿತು. ಇದಕ್ಕೆ ಕಾರಣರಾದವರು ತುಂಬ ಮಂದಿ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಹೇಳಿದ್ದಾರೆ. ಹಾಗಾಗಿ ಅವರು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಟವರ್ ಹತ್ತಿದ ಇಬ್ಬರು ತಮ್ಮಂದಿರಿಗೆ. ಅವರು ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರು. ಮಳೆಗಾಲದಲ್ಲಿ ಸ್ವಲ್ಪ ಹೊಳವಾದರೆ ಸಾಕು, ಅವರಿಗೆ ಹತ್ತು ತೋಟದಿಂದ ಫೋನು. ಕೊಳೆರೋಗ ಕಾಯುವುದಿಲ್ಲ ಅಲ್ವಾ? ಅಂಥ ಹೊತ್ತಿನಲ್ಲಿ, ಒಂದಿಡೀ ದಿನ ಮಳೆ ಬಿಟ್ಟಾಗ, ಆ ದಿನವನ್ನು ಅವರು ನಮಗೆ ಕೊಟ್ಟರು. ಸುಟ್ಟ ಕೇಬಲ್ ಇಳಿಸಿದರು, ಹೊಸದನ್ನು ಏರಿಸಿದರು, ಆಂಟೆನಾ ಬಿಗಿದರು. ಸಂಬಳ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ದಿನದ ದುಡಿಮೆಯ ಬೆಲೆ ಎಷ್ಟು ಎಂದು ತೋಟ ಇದ್ದವರಿಗೆಲ್ಲ ಗೊತ್ತು.

ಆಮೇಲೆ ಬಾಯಾರು ಕಡೆಯ ಆ ಅಜ್ಜನಿಗೆ. ನಮ್ಮ ಸ್ಟೇಷನ್ ಇರುವುದು ಮುರಕಲ್ಲಿನ ಗುಡ್ಡೆಯಲ್ಲಿ. ಅಲ್ಲಿ ಅರ್ತಿಂಗ್, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಸರಿಯಾಗಿ ಸಿಗುವುದು ಕಷ್ಟ. ನೆಲದಲ್ಲಿ ತೇವ ಇದ್ದರೆ ಮಾತ್ರ ಸಿಡಿಲಿನ ಕರೆಂಟು ಸುಲಭವಾಗಿ ಮಣ್ಣಿಗೆ ಇಳಿಯುತ್ತದೆ. ಒಣಕಲ್ಲಿನಲ್ಲಿ ಅದು ಬೇರೆ ದಾರಿ ಹುಡುಕಿ ಯಂತ್ರದೊಳಗೆ ನುಗ್ಗುತ್ತದೆ. ಅಜ್ಜ ಜೀವಮಾನವಿಡೀ ನೀರಿಗಾಗಿ ಗುಡ್ಡೆಯೊಳಗೆ ಸುರಂಗ ತೋಡಿದವರು, ಗುಡ್ಡೆಯ ಹೊಟ್ಟೆಯಲ್ಲಿ ನೀರು ಎಲ್ಲಿದೆ ಎಂದು ತಿಳಿದವರು. ಕೋಲೂರಿಕೊಂಡು ಬಂದು, ಸುತ್ತ ನೋಡಿ, ಕಟ್ಟಡದ ಹಿಂದೆ ತಗ್ಗಿನಲ್ಲಿ ಒಂದು ಜಾಗ ತೋರಿಸಿದರು. "ಇಲ್ಲಿ ತೋಡಿ. ಬೇಸಿಗೆಯಲ್ಲೂ ಪಸೆ ಇರ್ತದೆ" ಅಂದರು. ಅಲ್ಲಿಯೇ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ, ತಾಮ್ರದ ಪಟ್ಟಿ ಇಳಿಸಿದೆವು. ವೈರಿಂಗಿನ ಅಣ್ಣ ಮೀಟರ್ ಇಟ್ಟು ನೋಡಿ ಮುಖ ಅರಳಿಸಿದರು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕುಟುಂಬಶ್ರೀ ಎಂಬ ಮಹಿಳಾ ಸಂಘದ ಅಕ್ಕಂದಿರು ಒಟ್ಟು ಮಾಡಿದರು. ಆಟಿಯಲ್ಲಿ ನಡೆದ ತಾಳಮದ್ದಳೆಯ ಭಾಗವತರು, ಅರ್ಥಧಾರಿಗಳು ತಮ್ಮ ಸಂಭಾವನೆಯನ್ನು ಇದಕ್ಕೇ ಬಿಟ್ಟರು. ಗಲ್ಫಿನಲ್ಲಿರುವ ಮಕ್ಕಳು ಕಳಿಸಿದರು. ಪೈಸೆ ಪೈಸೆಯ ಲೆಕ್ಕ ಸ್ಟೇಷನ್ನಿನ ಗೋಡೆಯಲ್ಲಿ ಅಂಟಿಸಿದ್ದೇವೆ.

ಇಷ್ಟೆಲ್ಲ ಯಾಕೆ, ಎಫ್‌ಎಂ ಬೇಕಾದಷ್ಟು ಇದೆಯಲ್ಲ ಎಂದು ಕೆಲವರು ಕೇಳಿದರು. ಪ್ರಾಮಾಣಿಕ ಪ್ರಶ್ನೆ. ಮಂಜೇಶ್ವರ, ಉಪ್ಪಳದ ಕಡೆ ಮಂಗಳೂರಿನ ಖಾಸಗಿ ಸ್ಟೇಷನ್‌ಗಳು ಕೇಳಿಸುತ್ತವೆ. ಆದರೆ ಅವು ನಡೆಯುವುದು ಜಾಹೀರಾತಿನಿಂದ. ಜಾಹೀರಾತು ಕೊಡುವವರಿಗೆ ಬೇಕಾದದ್ದು ಪೇಟೆ. ನಮ್ಮ ವರ್ಕಾಡಿಯಂಥ ಹಳ್ಳಿಯಲ್ಲಿ ನಾಳೆ ಕರೆಂಟು ಇದೆಯೋ ಇಲ್ಲವೋ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. 2011ರ ಮೂರನೇ ಹಂತದ ಎಫ್‌ಎಂ ನೀತಿಯ ನಂತರ ಒಂದು ಕಂಪನಿ ಒಂದೇ ಕಾರ್ಯಕ್ರಮವನ್ನು ದೇಶದ ತನ್ನ ಎಲ್ಲ ಸ್ಟೇಷನ್‌ಗಳಲ್ಲಿ ಹಾಕಬಹುದು. ಖರ್ಚು ಉಳಿಯುತ್ತದೆ, ಊರು ಕಳೆದುಹೋಗುತ್ತದೆ. ಬ್ರಿಟನ್ನಿನಲ್ಲೂ ಇದೇ ಆಯಿತು. 2020ರಲ್ಲಿ ಅಲ್ಲಿನ ಹತ್ತಾರು ಊರಿನ ಸ್ಟೇಷನ್‌ಗಳು ತಮ್ಮ ಹೆಸರನ್ನೇ ಬಿಟ್ಟು ಒಂದು ದೊಡ್ಡ ಜಾಲಕ್ಕೆ ಸೇರಿದವು. ಅಲ್ಲಿ ಕೆಲಸ ಮಾಡುವವರನ್ನು ನಾನು ದೂರುವುದಿಲ್ಲ. ದೊಡ್ಡ ಸ್ಟೇಷನ್‌ಗಳು ಬಿಟ್ಟ ಜಾಗದಲ್ಲಿ ಯಾರಾದರೂ ಕೂರಬೇಕು, ಅಷ್ಟೇ.

ಆ ಜಾಗ ನಮಗೆ ಸುಮ್ನೆ ಸಿಕ್ಕಿದ್ದೂ ಅಲ್ಲ. ಗಾಳಿಯ ತರಂಗ ಜನರ ಸೊತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆದರೂ ಸಮುದಾಯ ರೇಡಿಯೊದ ಲೈಸೆನ್ಸ್ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಕ್ಕಿತು. ಕೋಲಾರದ ಬೂದಿಕೋಟೆಯವರು ತರಂಗ ಸಿಗದೆ ಕೇಬಲ್ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರಲ್ಲಿ ಬೀದರಿನ ಪಕ್ಕದ ಜಹೀರಾಬಾದ್ ಬಳಿ, ಮಾಚನೂರಿನಲ್ಲಿ, ದಲಿತ ಹೆಂಗಸರೇ ಸಂಘಂ ರೇಡಿಯೊ ಶುರು ಮಾಡಿದರು. ಅವರೆಲ್ಲರಿಗೂ ನಾವು ಋಣಿಗಳು.

ನಮ್ಮಲ್ಲಿ ಹಲವರಿಗೆ ಇಂಥದ್ದು ಬೇಕು ಅನ್ನಿಸಿದ್ದು 2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ. ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗುತ್ತಿದ್ದವರು ಇಲ್ಲೇ ಸಿಕ್ಕಿಬಿದ್ದರು. ಯಾವ ದಾರಿ ತೆರೆದಿದೆ, ಔಷಧ ಎಲ್ಲಿ ಸಿಗುತ್ತದೆ ಎಂದು ನಮ್ಮ ಭಾಷೆಯಲ್ಲಿ ಹೇಳುವವರಿಲ್ಲದೆ ಎಷ್ಟೋ ಮನೆಗಳು ಒದ್ದಾಡಿದವು.

ಸಮುದಾಯ ರೇಡಿಯೊಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲ. ಆದರೆ ಹವಾಮಾನ, ಕರೆಂಟು, ನೀರು, ಪರೀಕ್ಷೆ, ಕೆಲಸದ ಅವಕಾಶ, ಆಡಳಿತದವರು ಕೊಡುವ ಆರೋಗ್ಯ ಮತ್ತು ವಿಪತ್ತಿನ ಎಚ್ಚರಿಕೆ, ಇವನ್ನೆಲ್ಲ ಹೇಳಬಹುದು. ಹಳ್ಳಿಗೆ ಬೇಕಾದದ್ದು ಮುಕ್ಕಾಲು ಪಾಲು ಇದೇ. ಮಳೆ ಜೋರಾದ ದಿನ ಶಾಲೆಗೆ ರಜೆ ಎಂಬ ಪ್ರಕಟಣೆ ಮಲಯಾಳದಲ್ಲಿ ಬರುತ್ತದೆ. ಅದನ್ನು ಬೆಳಗ್ಗೆ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಓದುತ್ತೇವೆ. ಈ ಸಲ ನಾವು ಇಲ್ಲದ ದಿನಗಳಲ್ಲಿ ಕೆಲವು ಮಕ್ಕಳು ಕೊಡೆ ಹಿಡಿದು ಶಾಲೆಯ ಗೇಟಿನವರೆಗೆ ಹೋಗಿ ಒದ್ದೆಯಾಗಿ ವಾಪಸ್ ಬಂದರಂತೆ. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಆ ಪ್ರಕಟಣೆಗಳನ್ನು ಕನ್ನಡಕ್ಕೆ ತಂದುಕೊಡುವವರು ಮಲಯಾಳ ಮನೆಮಾತಿನ ಒಬ್ಬ ಟೀಚರ್. ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ಕನ್ನಡ ಕಲಿತವರು. ಎಷ್ಟು ಬೇಗ ಕಳಿಸಿದರೂ ಚಹಾ ಆರುವ ಮೊದಲು ಕನ್ನಡದ ಅನುವಾದ ತಯಾರು. ಟೀಚರ್, ನಿಮಗೆ ವಿಶೇಷ ಧನ್ಯವಾದ. ಶುಕ್ರವಾರದ ಬ್ಯಾರಿ ಕಾರ್ಯಕ್ರಮದ ಅಕ್ಕನಿಗೂ. ಸ್ಟೇಷನ್ ಬಂದ್ ಇದ್ದಾಗಲೂ ಅವರು ಮೊಬೈಲಿನಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡುತ್ತಲೇ ಇದ್ದರು. ಈಗ ನಮ್ಮ ಹತ್ತಿರ ತಿಂಗಳುಗಟ್ಟಲೆ ಹಾಕುವಷ್ಟಿದೆ. ಮಂಗಳೂರು ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹೊಸ ಹುಡುಗ ಹುಡುಗಿಯರಿಗೆ ಮೈಕಿನ ಮುಂದೆ ಉಸಿರು ಬಿಡುವುದನ್ನೂ ಕಲಿಸಿದರು. ಅವರ ತಾಳ್ಮೆ ದೊಡ್ಡದು.

"ಎಂತ, ಮಾತು ನಿಲ್ಸಿದ್ದಾ ನೀವು?" ಅಂತ ದಿನಾ ಫೋನ್ ಮಾಡಿ ಕೇಳಿದ ಅಮ್ಮಂದಿರಿಗೆ ಏನು ಹೇಳಲಿ? ನಾವು ಕೈಬಿಡದಂತೆ ಮಾಡಿದ್ದು ಆ ಫೋನ್‌ಗಳೇ.

ಇನ್ನು ಒಂದು ಕೋರಿಕೆ. ಬೆಳಗಿನ ಆರು ಗಂಟೆಯ ಪಾಳಿಗೆ ಇಬ್ಬರು ಬೇಕಾಗಿದ್ದಾರೆ. ಕನ್ನಡ ಓದಲು ಬಂದರೆ ಸಾಕು, ಯಂತ್ರದ ಕೆಲಸ ಹೇಳಿಕೊಡುತ್ತೇವೆ. ತುಳುವೋ ಮಲಯಾಳವೋ ಬಂದರೆ ಇನ್ನೂ ಒಳ್ಳೆಯದು. ಶನಿವಾರ ಮಧ್ಯಾಹ್ನ ಊಟದ ನಂತರ ಸ್ಟೇಷನ್ ತೆರೆದಿರುತ್ತದೆ. ಗುಡ್ಡೆಯ ದಾರಿ ಈಗ ಜಾರುತ್ತದೆ, ಬೈಕನ್ನು ಕೆಳಗೇ ನಿಲ್ಲಿಸಿ ನಡೆದು ಬನ್ನಿ.